ಗೃಹ ವಿಚಾರ: ಬಂಡಿಗೆ ವಿದ್ಯುತ್ತು ಮನೆಯಲ್ಲೋ, ಹೊರಗೋ?



ಮನೆಯ ಆಯವ್ಯಯ, ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೈಕೆ ಮುಂತಾದ ವಿಷಯಗಳನ್ನು ಕುರಿತು ಈ ಅಂಕಣದಲ್ಲಿ ಬರೆಯುತ್ತ ಬಂದಿರುವ ನಾನು, ಈ ತಿಂಗಳು ನಮ್ಮದೇ ಮನೆಯವರಿಂದಾದ ಒಂದು ತಪ್ಪನ್ನು ಒಪ್ಪಿಕೊಂಡು ಆರಂಭಿಸಬೇಕಾಗಿದೆ. ಪರರಿಗೆ ಬುದ್ಧಿ ಹೇಳುವವನು ಮೊದಲು ತನ್ನ ಮನೆಯ ಲೆಕ್ಕವನ್ನು ತೆರೆದಿಡುವುದು ನ್ಯಾಯವಲ್ಲವೇ?

ನನ್ನ ಮಗ ಎರಡು ವರ್ಷಗಳ ಹಿಂದೆ ವಿದ್ಯುತ್ ಕಾರೊಂದನ್ನು ಕೊಂಡನು. ಮೂವತ್ತು ಯೂನಿಟ್ಟುಗಳಷ್ಟು ವಿದ್ಯುತ್ತನ್ನು ಹಿಡಿದಿಡಬಲ್ಲ ಬ್ಯಾಟರಿ ಅದರದು. ಪೂರ್ತಿ ತುಂಬಿದರೆ ಸುಮಾರು 200 ಕಿಲೋಮೀಟರು ಓಡುತ್ತದೆ. ಹೆದ್ದಾರಿಯ ವೇಗದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಬಂಧುಗಳ ಮದುವೆಗೆಂದು ನಾವು ಬೆಂಗಳೂರಿನಿಂದ ದಾವಣಗೆರೆಗೆ ಹೊರಟೆವು. ಆ ದಾರಿ ಸುಮಾರು 260 ಕಿಲೋಮೀಟರು. ಆದ್ದರಿಂದ ಹಿರಿಯೂರಿನ ಸಮೀಪ ಹೆದ್ದಾರಿಯ ಬದಿಯಲ್ಲಿದ್ದ ಚಾರ್ಜಿಂಗ್ ಕೇಂದ್ರವೊಂದರಲ್ಲಿ ಒಂದು ಗಂಟೆ ನಿಂತು ಮುಂದುವರಿಯುವುದೆಂದು ಮಗನು ಮೊದಲೇ ನಿಶ್ಚಯಿಸಿದ್ದನು. ಅಲ್ಲಿಗೆ ತಲುಪಿದಾಗ ಸಂಜೆ ಆರು ಗಂಟೆ. ಕೇಂದ್ರದಲ್ಲಿದ್ದ ಎರಡು ಯಂತ್ರಗಳಲ್ಲಿ ಒಂದು ಕೆಟ್ಟು ನಿಂತಿತ್ತು. ಇನ್ನೊಂದರ ಮುಂದೆ ಮೂರು ವಾಹನಗಳು ಕಾದಿದ್ದವು. ನಮ್ಮ ಬ್ಯಾಟರಿಯಲ್ಲಿ ಐದನೆಯ ಒಂದು ಪಾಲಷ್ಟೇ ಉಳಿದಿತ್ತು. ಹಿಂದಿನ ಆಸನದಲ್ಲಿ ಸಕ್ಕರೆ ಕಾಯಿಲೆಯ ನನ್ನ ಪತ್ನಿ, ನಿದ್ದೆಗೆ ಬಂದ ಮೊಮ್ಮಗು.

ಅಲ್ಲಿಂದ ಕೆಲವೇ ಮೈಲಿಗಳ ದೂರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅನಿರೀಕ್ಷಿತವಾಗಿ ಬಂದಿಳಿದ ನಮ್ಮನ್ನು ಕಂಡು ಆಕೆಗಾದ ಸಂತೋಷವನ್ನು ಹೇಳಲಾರೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದಂತೆಯೇ ಮಗನು ಕಾರಿನ ವಯರನ್ನು ಕಿಟಕಿಯ ಮೂಲಕ ಒಳಗೆ ಹಾಯಿಸಿ, ಹಿಟ್ಟಿನ ಗಿರಣಿಗೆಂದು ಹಾಕಿಸಿದ್ದ ಪವರ್ ಪ್ಲಗ್ಗಿಗೆ ಜೋಡಿಸಿದನು. ಬೆಳಗಿನ ಜಾವಕ್ಕೆ ಬ್ಯಾಟರಿ ತುಂಬಿತ್ತು. ಮದುವೆ ಮುಗಿಸಿಕೊಂಡು ಮರಳುವಾಗ ಚಿಕ್ಕಮ್ಮನ ಒತ್ತಾಯಕ್ಕೆ ಮಣಿದು ಮತ್ತೊಂದು ರಾತ್ರಿ ಅಲ್ಲಿಯೇ ಉಳಿದೆವು. ಕಾರೂ ಮತ್ತೊಮ್ಮೆ ಹೊಟ್ಟೆ ತುಂಬಿಸಿಕೊಂಡಿತು. ಎರಡೂ ರಾತ್ರಿ ಸೇರಿ ಐವತ್ಮೂರು ಯೂನಿಟ್ಟುಗಳು.

ಎರಡು ತಿಂಗಳ ಬಳಿಕ ನಾನೊಬ್ಬನೇ ಬೇರೊಂದು ಕೆಲಸದ ನಿಮಿತ್ತ ಆ ಹಳ್ಳಿಗೆ ಹೋಗಿದ್ದೆ. ಗೋಡೆಯ ಮೊಳೆಗೆ ಚುಚ್ಚಿದ್ದ ವಿದ್ಯುತ್ ಬಿಲ್ಲುಗಳ ಕಟ್ಟನ್ನು ಸುಮ್ಮನೆ ತಿರುವಿ ಹಾಕಿದೆ. ತಿಂಗಳು ತಿಂಗಳೂ ಸೊನ್ನೆ, ಸೊನ್ನೆ, ಸೊನ್ನೆ. ನಾವು ಹೋಗಿದ್ದ ತಿಂಗಳು ಮಾತ್ರ ಸುಮಾರು 1,700 ರೂಪಾಯಿ.

ಕಾರಣ ಬಹಳ ಸರಳ. 2023ರ ಆಗಸ್ಟಿನಿಂದ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ಟುಗಳ ಮಿತಿಯೊಂದು ನಿಗದಿಯಾಗಿರುತ್ತದೆ. ಆ ಮಿತಿಯನ್ನು ದಾಟಿದರೂ 200 ಯೂನಿಟ್ಟಿನ ಒಳಗಿದ್ದರೆ, ಹೆಚ್ಚಾದಷ್ಟಕ್ಕೆ ಮಾತ್ರ ಹಣ ಕೊಟ್ಟರೆ ಸಾಕು. ಆದರೆ ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿತೆಂದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಗ್ರಾಹಕರೇ ಭರಿಸಬೇಕು. ಚಿಕ್ಕಮ್ಮನ ಮನೆಯ ಬಳಕೆ ತಿಂಗಳಿಗೆ ಸುಮಾರು 160. ನಮ್ಮ ಐವತ್ಮೂರು ಸೇರಿ ಅದು 213 ಆಯಿತು. ನಾವು ಬಳಸಿದ ವಿದ್ಯುತ್ತಿನ ಬೆಲೆ ಮುನ್ನೂರೈವತ್ತು ರೂಪಾಯಿಯೂ ಇರಲಿಕ್ಕಿಲ್ಲ. ಆಕೆಗೆ ಬಿದ್ದ ಹೊರೆ ಅದರ ಐದು ಪಟ್ಟು.

“ಇದೇಕೆ ಹೇಳಲಿಲ್ಲ ಚಿಕ್ಕಮ್ಮ?” ಎಂದು ಕೇಳಿದೆ.

“ಬಂದೋರಿಗೆ ಉಣ್ಣೋಕಿಕ್ಕಿದ್ದನ್ನ ಯಾರಾದ್ರೂ ಬರ್ದಿಡ್ತಾರೇನಪ್ಪಾ?” ಎಂದರು ಆಕೆ. ಹಣ ಕೊಡಹೋದರೆ ಮುಟ್ಟಲಿಲ್ಲ. ಕೊನೆಗೆ ಮೊಮ್ಮಗಳ ಪುಸ್ತಕದ ಖರ್ಚಿಗೆಂದು ಅವರ ಸೊಸೆಯ ಕೈಯಲ್ಲಿಟ್ಟು ಬಂದೆ. ಕಾರಿನೊಡೆಯನಾದ ನನ್ನ ಮಗನಿಗಾಗಲಿ, ಅದರಲ್ಲಿ ಕುಳಿತು ಬಂದ ನನಗಾಗಲಿ ಈ ಲೆಕ್ಕ ಅಂದು ಹೊಳೆಯದೆ ಹೋದದ್ದು ಇಂದಿಗೂ ನಾಚಿಕೆಯ ಸಂಗತಿಯಾಗಿದೆ. ಅಂದಿನಿಂದ ಈ ವಿಷಯವನ್ನು ಸಾಧ್ಯವಾದಷ್ಟು ತಿಳಿದುಕೊಳ್ಳುವ ಪ್ರಯತ್ನ ಮಾಡಿದ್ದೇನೆ. ನಮ್ಮ ಸಮಾಜದ ಅನೇಕ ಮನೆಗಳ ಅಂಗಳಕ್ಕೆ ಇಂದು ವಿದ್ಯುತ್ ಸ್ಕೂಟರು, ಕಾರುಗಳು ಬಂದು ನಿಂತಿರುವುದರಿಂದ ತಿಳಿದಷ್ಟನ್ನು ಹಂಚಿಕೊಳ್ಳುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಹೊಸದಲ್ಲದ ಪ್ರಶ್ನೆ

ವಿದ್ಯುತ್ ಕಾರು ಕನ್ನಡ ನಾಡಿಗೆ ತೀರ ಹೊಸದೇನೂ ಅಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ಕಾರು ತಯಾರಾಗಿ ಮಾರುಕಟ್ಟೆಗೆ ಬಂದುದನ್ನು ಹಿರಿಯ ಓದುಗರು ಬಲ್ಲರು. ಚೇತನ್ ಮೈನಿಯವರ ಮುಂದಾಳುತನದಲ್ಲಿ ರೂಪುಗೊಂಡ ಆ ಕಾರು ಮುಂದೆ ಲಂಡನ್ ನಗರದ ಬೀದಿಗಳಲ್ಲಿಯೂ ಓಡಾಡಿತು. ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿ. ಮನೆಯ 15 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಟು ಗಂಟೆಗಳಲ್ಲಿ ತುಂಬುತ್ತಿತ್ತು. ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಅಂದು ‘ಮನೆಯೋ, ಹೊರಗೋ’ ಎಂಬ ಪ್ರಶ್ನೆಯೇ ಇರಲಿಲ್ಲ. ಹೊರಗೆ ಕೇಂದ್ರಗಳಿರಲಿಲ್ಲವಾದ್ದರಿಂದ ಮನೆಯೊಂದೇ ಗತಿಯಾಗಿತ್ತು.

ಪರಿಸ್ಥಿತಿ ಬದಲಾದುದು ಈಚೆಗೆ. 2017ರಲ್ಲಿ ಕರ್ನಾಟಕ ಸರ್ಕಾರವು ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇಂತಹ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ನಮ್ಮದು. ವಿದ್ಯುತ್ತನ್ನು ಮಾರಲು ಪರವಾನಗಿ ಬೇಕಲ್ಲವೇ ಎಂಬ ಸಂದೇಹವು ಅನೇಕರನ್ನು ಕಾಡುತ್ತಿತ್ತು. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಪರವಾನಗಿಯ ಅಗತ್ಯವಿಲ್ಲವೆಂದು ಕೇಂದ್ರದ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಕೊನೆಯಲ್ಲಿ ಬಂದ ಮಾರ್ಗಸೂಚಿಯಲ್ಲಿ ನಗರಗಳಲ್ಲಿ ಮೂರು ಕಿಲೋಮೀಟರು ಉದ್ದಗಲದ ಪ್ರತಿ ಚೌಕಕ್ಕೆ ಒಂದು, ಹೆದ್ದಾರಿಗಳಲ್ಲಿ ಪ್ರತಿ 25 ಕಿಲೋಮೀಟರಿಗೆ ಎರಡೂ ಬದಿಗೆ ಒಂದೊಂದು ಕೇಂದ್ರವಿರಬೇಕೆಂಬ ಗುರಿಯನ್ನು ಇರಿಸಲಾಯಿತು. ಇಂದು ಸಾರ್ವಜನಿಕ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕವು ದೇಶದ ಮುಂಚೂಣಿಯಲ್ಲಿದೆ. 2024ರ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಆದರೆ ಅವುಗಳಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲಿಯೇ ಇದೆಯೆಂಬುದನ್ನು ಮರೆಯಲಾಗದು. ರಾಜ್ಯದ ಅಂಕಿಯನ್ನು ನಂಬಿ ದೂರದ ತಾಲ್ಲೂಕಿಗೆ ಹೊರಟರೆ ಮೋಸ ಹೋಗಬೇಕಾದೀತು.

ಖರ್ಚಿನ ತುಲನೆ

ಮೊದಲು ಲೆಕ್ಕವನ್ನು ನೋಡೋಣ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ಗೃಹಬಳಕೆಯ ವಿದ್ಯುತ್ತಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ತೆರಿಗೆ ಮುಂತಾದ ಸೇರ್ಪಡೆಗಳಿರುವುದರಿಂದ ಲೆಕ್ಕದ ಅನುಕೂಲಕ್ಕಾಗಿ ಏಳು ರೂಪಾಯಿಯೆಂದೇ ಹಿಡಿಯೋಣ. ಬ್ಯಾಟರಿಗೆ ಮೂವತ್ತು ಯೂನಿಟ್ಟು ತುಂಬಬೇಕಾದರೆ ಗೋಡೆಯ ಪ್ಲಗ್ಗಿನಿಂದ ಸುಮಾರು ಮೂವತ್ಮೂರು ಯೂನಿಟ್ಟು ಎಳೆಯಬೇಕಾಗುತ್ತದೆ. ಹಾಲು ಕಾಯಿಸುವಾಗ ಸ್ವಲ್ಪ ಆವಿಯಾಗಿ ಹೋಗುವಂತೆ ಇಲ್ಲಿಯೂ ಒಂದು ಭಾಗ ಶಾಖವಾಗಿ ನಷ್ಟವಾಗುತ್ತದೆ. ಮೂವತ್ಮೂರಕ್ಕೆ ಏಳರಂತೆ 231 ರೂಪಾಯಿ. ಅದರಲ್ಲಿ ಸುಮಾರು 200 ಕಿಲೋಮೀಟರು ಪ್ರಯಾಣ.

ಹೊರಗಿನ ವೇಗದ ಕೇಂದ್ರಗಳಲ್ಲಿ ದರ ಒಂದೊಂದೆಡೆ ಒಂದೊಂದು ಬಗೆ. ಸಾಮಾನ್ಯವಾಗಿ ತೆರಿಗೆಯೂ ಸೇರಿ ಮನೆಯ ದರದ ಎರಡರಿಂದ ಮೂರು ಪಟ್ಟು ಆಗುತ್ತದೆ. ಅದೇ 200 ಕಿಲೋಮೀಟರಿಗೆ ಐನೂರು, ಆರುನೂರು ರೂಪಾಯಿ. ಲೀಟರಿಗೆ ಹದಿನೈದು ಕಿಲೋಮೀಟರು ಕೊಡುವ ಪೆಟ್ರೋಲು ಕಾರಿಗೆ ಅಷ್ಟೇ ದೂರಕ್ಕೆ ಹದಿಮೂರು ಲೀಟರಿಗೂ ಮೇಲೆ ಬೇಕು; ಲೀಟರಿಗೆ ನೂರು ರೂಪಾಯಿಯೆಂದರೂ 1,300 ರೂಪಾಯಿ ದಾಟಿತು.

ಹೀಗಾಗಿ ಹೊರಗೆ ಚಾರ್ಜ್ ಮಾಡಿದರೂ ಪೆಟ್ರೋಲಿಗಿಂತ ಅಗ್ಗವೆಂಬುದು ನಿಜ. ಆದರೆ ವಿದ್ಯುತ್ ವಾಹನಕ್ಕೆ ಕೊಳ್ಳುವಾಗಲೇ ಹೆಚ್ಚು ಬೆಲೆ ತೆತ್ತಿರುತ್ತೇವೆ. ಆ ಹೆಚ್ಚುವರಿ ಹಣವು ಬೇಗ ಮರಳಿ ಬರಬೇಕಾದರೆ ಬಹುಪಾಲು ಚಾರ್ಜಿಂಗು ಮನೆಯಲ್ಲಿಯೇ ನಡೆಯಬೇಕು. ಮನೆಯಲ್ಲಿ ಅನುಕೂಲವಿಲ್ಲದೆ ದಿನನಿತ್ಯ ಹೊರಗಿನ ಕೇಂದ್ರವನ್ನೇ ಅವಲಂಬಿಸುವವರು, ಮೇಲಾಗಿ ಕಡಿಮೆ ಓಡಾಟದವರು, ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸುವುದು ಲೇಸು.

ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ದಿನಕ್ಕೆ ಮೂವತ್ತು ಕಿಲೋಮೀಟರು ಓಡುವ ಸ್ಕೂಟರಿಗೆ ಸುಮಾರು ಒಂದು ಯೂನಿಟ್ಟು ಸಾಕು, ತಿಂಗಳಿಗೆ ಮೂವತ್ತು. ಮನೆಯ ಬಳಕೆ 120 ಇದ್ದರೆ ಒಟ್ಟು 150 ಆಗಿ, ತಮ್ಮ ಮಿತಿಗಿಂತ ಹೆಚ್ಚಾದ ಕೆಲವು ಯೂನಿಟ್ಟಿಗಷ್ಟೇ ಹಣ ಕಟ್ಟಿದರಾಯಿತು. ಆದರೆ ಮನೆಯ ಬಳಕೆ ಈಗಾಗಲೇ 180 ಇದ್ದರೆ ಆ ಸ್ಕೂಟರೇ ಗಡಿ ದಾಟಿಸಿಬಿಡುತ್ತದೆ. ಕಾರಿನ ಮಾತಂತೂ ಬೇರೆಯೇ. ದಿನಕ್ಕೆ ನಲವತ್ತು ಕಿಲೋಮೀಟರು ಓಡುವ ಕಾರಿಗೆ ತಿಂಗಳಿಗೆ ಹತ್ತಿರ ಹತ್ತಿರ 200 ಯೂನಿಟ್ಟು ಬೇಕು. ಕಾರು ಬಂದ ಮನೆಗೆ ಉಚಿತ ವಿದ್ಯುತ್ತು ಉಳಿಯುವುದಿಲ್ಲವೆಂದೇ ತಿಳಿದು, ಇಡೀ ಬಿಲ್ಲನ್ನು ಕಾರಿನ ಖರ್ಚಿನ ಪಟ್ಟಿಗೆ ಸೇರಿಸಿ ನೋಡಬೇಕು. ಕಾರು ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಇದನ್ನು ತಪ್ಪಿಸಲು ಕೆಲವರು ಪಕ್ಕದ ಅಂಗಡಿಯಿಂದಲೋ, ತೋಟದ ಪಂಪ್‌ಸೆಟ್ಟಿನ ಸಾಲಿನಿಂದಲೋ ವಯರು ಎಳೆಯುವುದುಂಟೆಂದು ಕೇಳಿದ್ದೇನೆ. ರೈತನ ಬೆಳೆಗೆಂದು ಕೊಟ್ಟ ವಿದ್ಯುತ್ತನ್ನು ಕಾರಿಗೆ ಕುಡಿಸುವುದು ಕಾನೂನಿನ ದೃಷ್ಟಿಯಿಂದಲೂ ತಪ್ಪು, ನ್ಯಾಯದ ದೃಷ್ಟಿಯಿಂದಲೂ ತಪ್ಪು. ಉಳಿಸಿದ ನಾಲ್ಕು ಕಾಸಿಗಾಗಿ ಮನೆತನದ ಮಾನವನ್ನು ಒತ್ತೆಯಿಡುವುದು ಬೇಡ.

ಮನೆಯ ತಂತಿಯ ಶಕ್ತಿ ಎಷ್ಟು?

ಖರ್ಚಿಗಿಂತ ಮುಖ್ಯವಾದ ವಿಷಯ ಸುರಕ್ಷತೆ. ‘ನಮ್ಮ ಮನೆಯಲ್ಲಿ ಗೀಸರ್ ನಡೆಯುತ್ತದೆ, ಕಾರು ನಡೆಯದೇನು?’ ಎಂದು ಕೇಳುವವರಿದ್ದಾರೆ. ಗೀಸರ್ ಎರಡು, ಮೂರು ಕಿಲೋವ್ಯಾಟ್ ಎಳೆಯುವುದು ನಿಜ; ಆದರೆ ಕಾಲು ಗಂಟೆಗೆ ನಿಲ್ಲುತ್ತದೆ. ಕಾರು ಅಷ್ಟೇ ಪ್ರಮಾಣದ ವಿದ್ಯುತ್ತನ್ನು ಒಂಬತ್ತು, ಹತ್ತು ಗಂಟೆಗಳ ಕಾಲ ಬಿಡುವಿಲ್ಲದೆ ಎಳೆಯುತ್ತದೆ. ತಂತಿ ತೆಳುವಾಗಿದ್ದರೆ, ಪ್ಲಗ್ಗಿನೊಳಗಿನ ತಿರುಪು ಸಡಿಲವಾಗಿದ್ದರೆ ಕಾಲು ಗಂಟೆಯಲ್ಲಿ ಕಾಣದ ಬಿಸಿ ರಾತ್ರಿಯಿಡೀ ಸಂಗ್ರಹವಾಗುತ್ತ ಹೋಗುತ್ತದೆ. ನಾವು ಚಿಕ್ಕಮ್ಮನ ಮನೆಯಿಂದ ಹೊರಟ ಬೆಳಗ್ಗೆ ಪ್ಲಗ್ಗನ್ನು ಕಿತ್ತಾಗ ಅದರ ಒಂದು ರಂಧ್ರದ ಸುತ್ತ ಕಂದು ಬಣ್ಣದ ಕಲೆ ಮೂಡಿತ್ತು. ಅಂದು ಅದನ್ನು ಕಂಡೂ ಕಾಣದವರಂತೆ ಬಂದೆವು. ಆ ಗೋಡೆಯ ಆಚೆ ಬದಿಗೆ ಆಕೆಯ ಮೊಮ್ಮಕ್ಕಳು ಮಲಗಿದ್ದರೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಆದ್ದರಿಂದ ಮನೆಯಲ್ಲಿ ಚಾರ್ಜ್ ಮಾಡಬಯಸುವವರು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ ಈ ಕೆಲಸಗಳನ್ನು ಮೊದಲು ಮಾಡಿಸಬೇಕು. ಮೀಟರ್ ಬೋರ್ಡಿನಿಂದ ವಾಹನ ನಿಲ್ಲುವ ಜಾಗಕ್ಕೆ ಬೇರಾವುದಕ್ಕೂ ಕವಲೊಡೆಯದ ಪ್ರತ್ಯೇಕ ತಾಮ್ರದ ತಂತಿ ಎಳೆಸಬೇಕು. 16 ಆಂಪಿಯರಿನ ಪ್ಲಗ್ಗಿಗೆ 4 ಚದರ ಮಿಲಿಮೀಟರು ದಪ್ಪದ ತಂತಿ ಒಳ್ಳೆಯದು. ಅದಕ್ಕೇ ಮೀಸಲಾದ ಎಂಸಿಬಿ ಇರಬೇಕು. ಜೊತೆಗೆ, ವಿದ್ಯುತ್ತು ದಾರಿ ತಪ್ಪಿ ಮೈಗೋ ನೆಲಕ್ಕೋ ಸೋರಿದೊಡನೆ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿ ಇರಬೇಕು. ಹಳೆಯ ಮನೆಗಳಲ್ಲಿ ಅರ್ತಿಂಗ್ ಇದೆಯೆಂದು ಭಾವಿಸಿರುತ್ತೇವೆ; ತಂತಿ ಎಂದೋ ತುಕ್ಕು ಹಿಡಿದು ತುಂಡಾಗಿರುತ್ತದೆ. ಅನೇಕ ಕಾರುಗಳು ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜ್ ಆಗಲು ನಿರಾಕರಿಸುತ್ತವೆ. ಆಗ ಕಾರನ್ನು ಬಯ್ಯುವ ಬದಲು ಅದು ಮನೆಯವರ ಪ್ರಾಣ ಉಳಿಸುತ್ತಿದೆಯೆಂದು ತಿಳಿಯಬೇಕು. ಎಕ್ಸ್‌ಟೆನ್ಷನ್ ಬಾಕ್ಸನ್ನು ಎಂದಿಗೂ ಬಳಸಬಾರದು.

ಇಷ್ಟಾದ ಮೇಲೆ ಮಂಜೂರಾದ ವಿದ್ಯುತ್ ಹೊರೆಯ ಪ್ರಶ್ನೆ. ನಿಮ್ಮ ಬಿಲ್ಲಿನಲ್ಲಿ ಅದನ್ನು ಕಿಲೋವ್ಯಾಟಿನಲ್ಲಿ ನಮೂದಿಸಿರುತ್ತಾರೆ. ಎರಡು ಕಿಲೋವ್ಯಾಟ್ ಮಂಜೂರಾತಿಯ ಮನೆಯಲ್ಲಿ ಮೂರು ಕಿಲೋವ್ಯಾಟಿನ ಕಾರು, ಅದರ ಮೇಲೆ ಗೀಸರ್, ಮಿಕ್ಸರ್ ನಡೆಯಲಾರವು. ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಟ್ಟು, ಠೇವಣಿ ಕಟ್ಟಿ ಹೆಚ್ಚಿನ ಹೊರೆ ಪಡೆಯಬೇಕು. ವಿದ್ಯುತ್ ವಾಹನ ಚಾರ್ಜಿಂಗಿಗೆಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ಪ್ರತ್ಯೇಕ ದರವರ್ಗವನ್ನೇ ಮಾಡಿದೆ. ಬೇರೆ ಮೀಟರು ಹಾಕಿಸಿಕೊಂಡರೆ ತಮಗೆ ಅನುಕೂಲವೇ ಎಂಬುದನ್ನು ಅದೇ ಕಚೇರಿಯಲ್ಲಿ ವಿಚಾರಿಸಿ ನಿರ್ಧರಿಸಬಹುದು.

ಸ್ಕೂಟರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿಗಳನ್ನು ಓದಿದ್ದೀರಿ. ಅದರ ಬಳಿಕ ಕೇಂದ್ರ ಸರ್ಕಾರವು ಬ್ಯಾಟರಿಗಳ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿ, ಅವನ್ನು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಆದರೂ ಹಳೆಯ ಬ್ಯಾಟರಿಗಳು, ಅಗ್ಗದ ಚಾರ್ಜರುಗಳು ಬಳಕೆಯಲ್ಲಿವೆ. ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಚ್ಚಬೇಡಿ. ಅರ್ಧ ಗಂಟೆ ತಣಿಯಲಿ. ಕಂಪನಿ ಕೊಟ್ಟ ಚಾರ್ಜರನ್ನಲ್ಲದೆ ಬೇರೆಯದನ್ನು ಬಳಸಬೇಡಿ. ಬ್ಯಾಟರಿಯನ್ನು ಬಿಚ್ಚಿ ಒಳಗೊಯ್ಯುವ ಸ್ಕೂಟರಾದರೆ ಮಲಗುವ ಕೋಣೆಯಲ್ಲಾಗಲಿ, ಮೆಟ್ಟಿಲ ಕೆಳಗಾಗಲಿ, ಹೊರಬಾಗಿಲಿನ ಪಕ್ಕದಲ್ಲಾಗಲಿ ಇಟ್ಟು ಚಾರ್ಜ್ ಮಾಡಬೇಡಿ. ಅವಘಡವಾದರೆ ಓಡಿ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಸ್ವಂತ ಅಂಗಳವಿಲ್ಲದವರು

ಊರಿನಲ್ಲಿ ಸ್ವಂತ ಮನೆ, ಮುಂದೆ ಅಂಗಳ ಇರುವವರಿಗೆ ಇಷ್ಟೆಲ್ಲ ಸುಲಭ. ಬಾಡಿಗೆ ಮನೆಯವರು, ಕಿರಿದಾದ ಓಣಿಗಳಲ್ಲಿರುವವರು, ಬಹುಮಹಡಿ ವಸತಿಗಳಲ್ಲಿರುವವರು ಏನು ಮಾಡಬೇಕು? ನನಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನೇ ಕೇಳುತ್ತವೆ.

ವಾಹನದ ಮಾಲೀಕರು ತಮ್ಮ ಮನೆಯಲ್ಲಿಯೂ ಕಚೇರಿಯಲ್ಲಿಯೂ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ವಸತಿ ಸಂಘಗಳು ಸುಲಭವಾಗಿ ಒಪ್ಪುವುದಿಲ್ಲ. ಅವರ ಆತಂಕವೆಲ್ಲವೂ ಹುರುಳಿಲ್ಲದ್ದೆಂದು ತಳ್ಳಿಹಾಕಲಾಗದು. ನಲವತ್ತು ಮನೆಗಳ ಕಟ್ಟಡದಲ್ಲಿ ಎಲ್ಲರೂ ಏಳು ಕಿಲೋವ್ಯಾಟಿನ ಚಾರ್ಜರು ಹಾಕಿಸಿ ರಾತ್ರಿ ಹತ್ತಕ್ಕೆ ಒಟ್ಟಿಗೆ ಹಚ್ಚಿದರೆ 280 ಕಿಲೋವ್ಯಾಟ್ ಆಯಿತು. ಕಟ್ಟಡದ ಟ್ರಾನ್ಸ್‌ಫಾರ್ಮರು ತಡೆದೀತೇ? ಅದೇ ಎಲ್ಲರೂ ಮೂರು ಕಿಲೋವ್ಯಾಟಿನ ಸಾಮಾನ್ಯ ಪ್ಲಗ್ಗಿಗೆ ತೃಪ್ತರಾಗಿ, ಅರ್ಧದಷ್ಟು ಮನೆಯವರು ಒಂದು ದಿನ, ಉಳಿದವರು ಮರುದಿನ ಎಂದು ಸರದಿ ಮಾಡಿಕೊಂಡರೆ ಅದು 60 ಕಿಲೋವ್ಯಾಟಿಗೆ ಇಳಿಯುತ್ತದೆ. ದಿನಕ್ಕೆ ನಲವತ್ತು ಕಿಲೋಮೀಟರು ಓಡುವ ಕಾರಿಗೆ ದಿನ ಬಿಟ್ಟು ದಿನ ನಾಲ್ಕೈದು ಗಂಟೆ ಚಾರ್ಜ್ ಮಾಡಿದರೆ ಸಾಕು. ಆದ್ದರಿಂದ ಸಂಘದ ಸಭೆಗೆ ಜಗಳದ ಮನಸ್ಸಿನಿಂದ ಹೋಗದೆ ಬರೆದ ಪ್ರಸ್ತಾವದೊಂದಿಗೆ ಹೋಗಬೇಕು. ಪ್ರತಿಯೊಬ್ಬರಿಗೂ ಉಪಮೀಟರು, ಅವರವರ ಬಳಕೆಗೆ ಅವರವರೇ ಹಣ ಕೊಡುವುದು, ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಕೆಲಸ, ಬಳಕೆಗೆ ಸರದಿ. ಇವಿಷ್ಟು ಸ್ಪಷ್ಟವಾಗಿದ್ದರೆ ವಿರೋಧಿಸುವವರೂ ಕ್ರಮೇಣ ಮೆತ್ತಗಾಗುತ್ತಾರೆ. ಸಾಮೂಹಿಕ ಮೀಟರಿನಿಂದ ಗುಟ್ಟಾಗಿ ಚಾರ್ಜ್ ಮಾಡಿ ಸಿಕ್ಕಿಬಿದ್ದ ಒಬ್ಬರಿಂದಾಗಿ ಇಡೀ ಕಟ್ಟಡದವರಿಗೆ ಅನುಮತಿ ತಪ್ಪಿದ ಸಂಗತಿಯೊಂದನ್ನು ಬಲ್ಲೆ.

ಬಾಡಿಗೆದಾರರು ಮನೆಯೊಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ತಂತಿಯ ಖರ್ಚನ್ನು ತಾವೇ ವಹಿಸಿಕೊಳ್ಳುವುದು ಒಳ್ಳೆಯದು. ಅದೂ ಸಾಧ್ಯವಿಲ್ಲದವರಿಗೆ ಬಿಚ್ಚಿ ಒಯ್ಯಬಹುದಾದ ಬ್ಯಾಟರಿಯ ಸ್ಕೂಟರು ಅಥವಾ ಕಚೇರಿಯ ಪ್ಲಗ್ಗು ಸಹಾಯಕ್ಕೆ ಬರಬಹುದು. ಯಾವುದೂ ಇಲ್ಲದಿದ್ದರೆ ವಾಹನವನ್ನು ಕೊಳ್ಳುವುದನ್ನು ಸ್ವಲ್ಪ ಕಾಲ ಮುಂದೂಡುವುದರಲ್ಲಿ ಅವಮಾನವೇನೂ ಇಲ್ಲ.

ಹೊರಗಿನ ಕೇಂದ್ರದ ರೀತಿನೀತಿ

ಹೊರಗಿನ ಕೇಂದ್ರಗಳನ್ನು ದೂರಪ್ರಯಾಣದ ಸಂಗಾತಿಯೆಂದು ತಿಳಿಯಬೇಕು. ಮನೆಯ ಪ್ಲಗ್ಗಿನಿಂದ ಬರುವುದು ಏಸಿ ವಿದ್ಯುತ್ತು. ಅದನ್ನು ಕಾರಿನೊಳಗಿರುವ ಚಿಕ್ಕ ಉಪಕರಣವೊಂದು ಡಿಸಿಯಾಗಿ ಪರಿವರ್ತಿಸಿ ಬ್ಯಾಟರಿಗೆ ಕೊಡುತ್ತದೆ. ಅದರ ಶಕ್ತಿ ಮಿತವಾದ್ದರಿಂದ ನಿಧಾನ. ಹೆದ್ದಾರಿಯ ದೊಡ್ಡ ಯಂತ್ರವು ಆ ಪರಿವರ್ತನೆಯನ್ನು ತಾನೇ ಮಾಡಿ ಡಿಸಿ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ಹರಿಸುತ್ತದೆ. ಆದುದರಿಂದ ಹತ್ತು ಗಂಟೆಯ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇಂದಿನ ಬಹುತೇಕ ಕಾರುಗಳಿಗೆ ಸಿಸಿಎಸ್-2 ಎಂಬ ಜೋಡಣೆ ಇರುತ್ತದೆ. ಕೇಂದ್ರದಲ್ಲಿ ಅದು ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಸ್ಕೂಟರುಗಳಲ್ಲಿ ಕಂಪನಿಗೊಂದು ಬಗೆಯ ಜೋಡಣೆ ಇರುವುದರಿಂದ ಕೊಳ್ಳುವಾಗಲೇ ವಿಚಾರಿಸುವುದು ಕ್ಷೇಮ.

ಬ್ಯಾಟರಿ ಎಂಬತ್ತು ಭಾಗ ತುಂಬಿದ ಮೇಲೆ ವೇಗ ತಾನಾಗಿಯೇ ತಗ್ಗುತ್ತದೆ. ತುಂಬುತ್ತ ಬಂದ ಕೊಡಕ್ಕೆ ನಲ್ಲಿಯನ್ನು ಸಣ್ಣಗೆ ಬಿಡುವಂತೆ, ಬ್ಯಾಟರಿಗೆ ಅಪಾಯವಾಗದಿರಲೆಂದು ಕಾರೇ ಹಾಗೆ ಮಾಡುತ್ತದೆ. ಕೊನೆಯ ಇಪ್ಪತ್ತು ಭಾಗಕ್ಕಾಗಿ ಮತ್ತೆ ಮುಕ್ಕಾಲು ಗಂಟೆ ಅಲ್ಲಿಯೇ ನಿಂತರೆ ನಮ್ಮ ಹೊತ್ತೂ ವ್ಯರ್ಥ, ಹಿಂದೆ ಕಾದು ನಿಂತವರಿಗೂ ತೊಂದರೆ. ಎಂಬತ್ತಕ್ಕೆ ಬಿಡಿಸಿಕೊಂಡು ಜಾಗ ತೆರವು ಮಾಡುವುದು ಸಭ್ಯತೆ. ಪದೇ ಪದೇ ವೇಗದ ಚಾರ್ಜಿಂಗು ಬ್ಯಾಟರಿಯನ್ನು ಹೆಚ್ಚು ಬಿಸಿಯಾಗಿಸುವುದರಿಂದ ಅದರ ಆಯುಸ್ಸಿಗೂ ಒಳ್ಳೆಯದಲ್ಲ.

ದೂರಪ್ರಯಾಣಕ್ಕೆ ಹೊರಡುವಾಗ ಒಂದೇ ಕೇಂದ್ರವನ್ನು ನಂಬಿ ಹೊರಡಬಾರದೆಂಬುದು ನಾವು ಕಲಿತ ಪಾಠ. ಮೊದಲನೆಯದು ಕೆಟ್ಟಿದ್ದರೆ ಎರಡನೆಯದನ್ನು ತಲುಪುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿರಬೇಕು. ಮೂವತ್ತು ಭಾಗ ಇರುವಾಗಲೇ ನಿಲ್ಲುವುದು ಜಾಣತನ. ಕೇಂದ್ರಗಳಿಗೆ ಬೇರೆ ಬೇರೆ ಆ್ಯಪ್‌ಗಳು, ಬೇರೆ ಬೇರೆ ಮುಂಗಡ ಹಣ ಬೇಕಾಗುತ್ತದೆ. ಅವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕು, ಹೆದ್ದಾರಿಯ ಕತ್ತಲಲ್ಲಿ ನಿಂತು ಅಲ್ಲ. ಆ ಆ್ಯಪ್‌ಗಳಲ್ಲಿ ಕೇಂದ್ರದ ಬಗೆಗೆ ಇತರರು ಈಚಿನ ದಿನಗಳಲ್ಲಿ ಬರೆದ ಅಭಿಪ್ರಾಯಗಳನ್ನು ಓದಿದರೆ ಯಂತ್ರ ನಡೆಯುತ್ತಿದೆಯೇ ಎಂಬುದು ತಿಳಿಯುತ್ತದೆ. ವೃದ್ಧರು, ಹಸುಗೂಸುಗಳು, ರೋಗಿಗಳು ಜೊತೆಗಿದ್ದರೆ ತಿಂಡಿ, ನೀರು, ಔಷಧಗಳು ಕೈಗೆಟಕುವಂತಿರಲಿ. ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾಗಬಹುದಾದ ಮನೆಗಳಲ್ಲಿ ಕಾರನ್ನು ರಾತ್ರಿ ಅರ್ಧಕ್ಕಿಂತ ಕಡಿಮೆ ತುಂಬಿದ ಸ್ಥಿತಿಯಲ್ಲಿ ಎಂದೂ ನಿಲ್ಲಿಸಬಾರದು.

ನೆಂಟರ ಮನೆಯ ಪ್ಲಗ್ಗು

ಕೊನೆಯದಾಗಿ, ಮನೆಯೂ ಅಲ್ಲದ, ಸಾರ್ವಜನಿಕವೂ ಅಲ್ಲದ ಮೂರನೆಯ ಸ್ಥಳವೊಂದಿದೆ. ಅದು ನೆಂಟರ ಮನೆ. ನಮ್ಮ ಹಿರಿಯರು ಎತ್ತಿನ ಬಂಡಿ ಕಟ್ಟಿಕೊಂಡು ಬೀಗರ ಊರಿಗೆ ಹೋದಾಗ ಎತ್ತುಗಳಿಗೆ ಮೇವು ಹಾಕುವುದು ಮನೆಯವರ ಧರ್ಮವಾಗಿತ್ತು. ಆದರೆ ಹೋಗುವವರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ; ಬಂಡಿಯಲ್ಲಿ ಒಂದು ಹೊರೆ ಸೊಪ್ಪೆಯನ್ನು ಹೇರಿಕೊಂಡೇ ಹೊರಡುತ್ತಿದ್ದರು. ಬರಗಾಲದಲ್ಲಂತೂ ಎತ್ತುಗಳನ್ನು ಊರಲ್ಲಿಯೇ ಬಿಟ್ಟು ನಡೆದೇ ಹೋಗುತ್ತಿದ್ದರೆಂದು ನನ್ನ ತಂದೆಯವರು ಹೇಳುತ್ತಿದ್ದರು. ನಮ್ಮ ಬಂಡಿಯ ಹಸಿವಿನ ಭಾರ ಇನ್ನೊಬ್ಬರ ಒಲೆಯ ಮೇಲೆ ಬೀಳಬಾರದೆಂಬ ಎಚ್ಚರ ಅವರಲ್ಲಿತ್ತು.

ಇಂದು ಆತಿಥ್ಯ ಮಾಡುವವರು ಬಾಯಿ ಬಿಟ್ಟು ಹೇಳಲಾರರು. ‘ಬಿಲ್ಲು ಎಷ್ಟಾಗುತ್ತದೋ’ ಎಂದು ಮನಸ್ಸಿನಲ್ಲಿಯೇ ಅಳೆದುಕೊಂಡು, ‘ಹಚ್ಚಿಕೊಳ್ಳಿ, ಅದಕ್ಕೇನಂತೆ’ ಎನ್ನುತ್ತಾರೆ. ಆದ್ದರಿಂದ ಲೆಕ್ಕ ಹಾಕಬೇಕಾದವರು ಅತಿಥಿಗಳೇ. ಹತ್ತಿರದಲ್ಲಿ ನಡೆಯುವ ಕೇಂದ್ರವಿದ್ದರೆ ಅಲ್ಲಿಯೇ ತುಂಬಿಸಿಕೊಂಡು ನೆಂಟರ ಮನೆಗೆ ಹೋಗಬೇಕು. ಅನಿವಾರ್ಯವಾದರೆ ಮುಂದಿನ ಊರು ತಲುಪುವಷ್ಟು ಮಾತ್ರ ಹಚ್ಚಬೇಕು, ಪೂರ್ತಿ ಅಲ್ಲ. ಪ್ಲಗ್ಗಿನ ಬುಡವನ್ನು ಅರ್ಧ ಗಂಟೆಗೊಮ್ಮೆ ಕೈಯಿಂದ ಮುಟ್ಟಿ ನೋಡಬೇಕು. ಬಿಸಿಯೆನಿಸಿದರೆ ಕೂಡಲೇ ಸ್ವಿಚ್ ಆರಿಸಬೇಕು. ಆ ಮನೆಯ ತಿಂಗಳ ಬಳಕೆ ಎಷ್ಟೆಂದು ಸಂಕೋಚವಿಲ್ಲದೆ ಕೇಳಿ ತಿಳಿಯಬೇಕು. ಹಣವನ್ನು ಕೈಯಲ್ಲಿಡಲು ಸಂಕೋಚವಾದರೆ, ಕೊಡುವ ಬಗೆಗಳು ನಮ್ಮ ಸಂಪ್ರದಾಯದಲ್ಲಿ ಬೇಕಾದಷ್ಟಿವೆ.

ಈ ಬಾರಿಯ ಹಬ್ಬಕ್ಕೆ ಮಗನು ತಾನಾಗಿಯೇ ಒಂದು ಕೆಲಸ ಮಾಡಿದನು. ಚಿಕ್ಕಮ್ಮನ ಮನೆಗೆ ವಿದ್ಯುತ್ ಗುತ್ತಿಗೆದಾರರನ್ನು ಕಳುಹಿಸಿ, ಸುಟ್ಟ ಪ್ಲಗ್ಗನ್ನು ಬದಲಾಯಿಸಿ, ಹೊಸ ಅರ್ತಿಂಗ್ ಮಾಡಿಸಿ, ಆರ್‌ಸಿಸಿಬಿಯನ್ನು ಹಾಕಿಸಿದನು. “ನಿಮ್ಮ ಕಾರಿಗೋಸ್ಕರ ಇಷ್ಟೆಲ್ಲ ಯಾಕಪ್ಪಾ?” ಎಂದು ಆಕೆ ಫೋನಿನಲ್ಲಿ ಕೇಳಿದಾಗ, “ಕಾರಿಗಲ್ಲ ಅಜ್ಜೀ, ನಿಮ್ಮ ಗಿರಣಿಗೆ” ಎಂದನಂತೆ. ನಾವು ಹಬ್ಬಕ್ಕೆ ಹೋದಾಗ ಕಾರನ್ನು ಹಿರಿಯೂರಿನ ಇನ್ನೊಂದು ಕೇಂದ್ರದಲ್ಲಿ ಒಂದು ಗಂಟೆ ನಿಲ್ಲಿಸಿ, ಐನೂರು ಚಿಲ್ಲರೆ ರೂಪಾಯಿ ತೆತ್ತು ಮುಂದೆ ಸಾಗಿದೆವು. ಮನೆಯ ದರಕ್ಕಿಂತ ಅದು ಎರಡು ಪಟ್ಟಿಗೂ ಮೇಲೆ. ಆದರೆ ಅಂದು ಚಿಕ್ಕಮ್ಮ ಬಡಿಸಿದ ಹೋಳಿಗೆಯನ್ನು ನಿಶ್ಚಿಂತೆಯಿಂದ ಉಂಡೆವು.

ಓದುಗ ಬಂಧುಗಳು ತಮ್ಮ ಅನುಭವಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ಕುರಿತು ವಿಚಾರ ಮಾಡೋಣ. ಎಲ್ಲರ ಪ್ರಯಾಣವೂ ಸುಖಕರವಾಗಲಿ.